ಜರ್ಮನಿಯಲ್ಲಿ ಒಂಟಿ ಕನ್ನಡಿಗರಿಗೊಂದು ಬಾಡಿಗೆ ಮನೆ: ಹೊರಡುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪರದೇಶದಲ್ಲಿ ಬಾಡಿಗೆ ಮನೆ ಹುಡುಕಿ ನೋಡು ಎಂಬ ಮಾತನ್ನು ಸೇರಿಸಿರಲಿಲ್ಲ. ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಜರ್ಮನಿಗೆ ಒಂಟಿಯಾಗಿ ತೆರಳುವ ಯುವಕ ಯುವತಿಯರಿಗೆ ಆ ಮಾತಿನ ತೂಕ ಚೆನ್ನಾಗಿ ಗೊತ್ತು. ಪ್ರವೇಶಪತ್ರ ಬಂದು, ವೀಸಾ ದೊರೆತು, ವಿಮಾನದ ಟಿಕೆಟ್ ಕೈಸೇರಿದ ಮೇಲೂ ಒಂದು ಪ್ರಶ್ನೆ ಉಳಿದೇ ಇರುತ್ತದೆ: ಇಳಿದ ಮೇಲೆ ವಾಸ ಎಲ್ಲಿ?

ಜರ್ಮನಿಯಲ್ಲಿ ವ್ಯಾಸಂಗ ಮಾಡುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಅತಿ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅವರ ಸಂಖ್ಯೆ 49,483 ಇತ್ತು. ಇವರ ಜೊತೆಗೆ ಸ್ಟುಟ್‌ಗಾರ್ಟ್ ಸಮೀಪದ ಬಾಷ್, ವಾಲ್‌ಡೋರ್ಫ್‌ನ ಎಸ್‌ಎಪಿ ಮುಂತಾದ, ಬೆಂಗಳೂರಿನಲ್ಲಿಯೂ ದೊಡ್ಡ ಕಚೇರಿಗಳಿರುವ ಕಂಪನಿಗಳ ಮೂಲಕ ಹೋಗುವ ಎಂಜಿನಿಯರುಗಳಿದ್ದಾರೆ. ಆಸ್ಪತ್ರೆಗಳಿಗೆ ಹೋಗುವ ದಾದಿಯರಿದ್ದಾರೆ. ಇವರೆಲ್ಲರೂ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲೇ ವಾಸಿಸುವ ದೇಶವೊಂದರಲ್ಲಿ, ಅದೂ ಸಣ್ಣ ಮನೆಗಳಿಗಾಗಿಯೇ ಅತಿ ಹೆಚ್ಚು ಪೈಪೋಟಿ ಇರುವ ಮಾರುಕಟ್ಟೆಯಲ್ಲಿ, ಸೂರು ಹುಡುಕಬೇಕಾಗುತ್ತದೆ. ಪದ್ಧತಿ ತಿಳಿಯದೆ ಹೋದವರು ತಿಂಗಳುಗಟ್ಟಲೆ ಹಾಸ್ಟೆಲಿನಿಂದ ಹಾಸ್ಟೆಲಿಗೆ ಅಲೆಯುವುದೂ, ಮನೆಯನ್ನೇ ನೋಡದೆ ಮುಂಗಡ ಕಳುಹಿಸಿ ಹಣ ಕಳೆದುಕೊಳ್ಳುವುದೂ ಹೊಸ ಸಂಗತಿಯಲ್ಲ.

ವಿಳಾಸವೇ ಮೊದಲ ದಾಖಲೆ

ಜರ್ಮನಿಯಲ್ಲಿ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ. ಮನೆಗೆ ಪ್ರವೇಶಿಸಿದ ಎರಡು ವಾರದೊಳಗೆ ಸ್ಥಳೀಯ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು ಕಡ್ಡಾಯ. ಇದನ್ನು ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. 2015ರ ನವೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ವ್ಯಕ್ತಿ ತನ್ನ ಮನೆಗೆ ವಾಸಕ್ಕೆ ಬಂದಿದ್ದಾನೆಂದು ಮನೆ ಕೊಟ್ಟವರು ಲಿಖಿತವಾಗಿ ದೃಢೀಕರಿಸಬೇಕು. ಬಾಡಿಗೆ ಕರಾರುಪತ್ರವೊಂದನ್ನೇ ತೋರಿಸಿದರೆ ಸಾಲದು.

ನೋಂದಣಿಯಾದ ಬಳಿಕವಷ್ಟೇ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಸಂಬಳದಿಂದ ಅತ್ಯಂತ ಹೆಚ್ಚಿನ ದರದ ತೆರಿಗೆ ಕಡಿತವಾಗುವ ಸಂಭವವಿದೆ. ಹಲವು ಬ್ಯಾಂಕುಗಳು ಖಾತೆ ತೆರೆಯಲು ನೋಂದಣಿ ಪತ್ರ ಕೇಳುತ್ತವೆ. ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿ ಯಾವುದೆಂಬುದೂ ವಿಳಾಸದಿಂದಲೇ ನಿರ್ಧಾರವಾಗುತ್ತದೆ. ಹೀಗೆ ಒಂದು ಕಾಗದ ಸಿಗದಿದ್ದರೆ ಉಳಿದೆಲ್ಲವೂ ಸಾಲಾಗಿ ನಿಲ್ಲುತ್ತವೆ.

ಆದ್ದರಿಂದ ಯಾವುದೇ ಕೊಠಡಿ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಎಂಬುದಲ್ಲ. ಈ ವಿಳಾಸದಲ್ಲಿ ನೋಂದಣಿಗೆ ಅವಕಾಶವಿದೆಯೇ ಎಂಬುದು. ‘ನೋಂದಣಿ ಸಾಧ್ಯವಿಲ್ಲ’ ಎಂಬ ಷರತ್ತಿನ ಅಗ್ಗದ ಕೊಠಡಿಗಳು ಜಾಹೀರಾತುಗಳಲ್ಲಿ ಧಾರಾಳವಾಗಿ ಕಾಣಿಸುತ್ತವೆ. ಅವು ಒಂದೆರಡು ವಾರಗಳ ತಂಗುದಾಣವಾಗಬಲ್ಲವೇ ಹೊರತು ನೆಲೆಯಾಗಲಾರವು. ಇನ್ನು, ವಾಸವೇ ಇಲ್ಲದ ವಿಳಾಸವನ್ನು ಹಣ ಪಡೆದು ನೋಂದಣಿಗೆ ಒದಗಿಸುವುದು ಕಾನೂನುಬಾಹಿರ. ಅಂಥವರಿಗೆ 50,000 ಯೂರೊವರೆಗೆ ದಂಡ ವಿಧಿಸಲು ಅವಕಾಶವಿದೆ. ಈ ವ್ಯವಹಾರದ ಗೊಡವೆಗೆ ಹೋಗದಿರುವುದೇ ಲೇಸು.

ಬಾಡಿಗೆ ತಣ್ಣನೆಯದೋ, ಬೆಚ್ಚನೆಯದೋ?

ಜಾಹೀರಾತುಗಳಲ್ಲಿ ಎರಡು ಬಗೆಯ ಬಾಡಿಗೆ ನಮೂದಾಗಿರುತ್ತದೆ. ‘ಕಾಲ್ಟ್‌ಮೀಟೆ’ ಎಂದರೆ ಅಕ್ಷರಶಃ ತಣ್ಣನೆಯ ಬಾಡಿಗೆ. ಅದು ಗೋಡೆ, ಸೂರುಗಳ ಬೆಲೆ ಮಾತ್ರ. ಕೊಠಡಿ ಬಿಸಿಮಾಡುವ ವೆಚ್ಚ, ನೀರು, ಕಸ ವಿಲೇವಾರಿ, ಮೆಟ್ಟಿಲ ದೀಪ ಮುಂತಾದವುಗಳನ್ನು ಸೇರಿಸಿದರೆ ಅದು ‘ವಾರ್ಮ್‌ಮೀಟೆ’, ಅಂದರೆ ಬೆಚ್ಚನೆಯ ಬಾಡಿಗೆ. ಮನೆಯ ವಿದ್ಯುತ್ ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಇವೆರಡರಲ್ಲೂ ಸೇರಿರುವುದಿಲ್ಲ. ಅವುಗಳಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳಬೇಕು. ಇದಲ್ಲದೆ ಸಾರ್ವಜನಿಕ ರೇಡಿಯೊ ಮತ್ತು ಟೆಲಿವಿಷನ್‌ಗಾಗಿ ಪ್ರತಿ ಮನೆಯೂ ಶುಲ್ಕ ತೆರಬೇಕು. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದರ ತಿಂಗಳಿಗೆ 18.36 ಯೂರೊ. ಮನೆಯಲ್ಲಿ ಟಿ.ವಿ. ಇಲ್ಲವೆಂದರೂ ವಿನಾಯಿತಿಯಿಲ್ಲ. ಆದರೆ ಇದು ತಲೆಗೊಂದರಂತಲ್ಲ, ಮನೆಗೊಂದರಂತೆ. ನಾಲ್ವರು ಕೂಡಿ ವಾಸಿಸಿದರೆ ನಾಲ್ವರೂ ಹಂಚಿಕೊಳ್ಳಬಹುದು.

ಬಿಸಿಮಾಡುವ ವೆಚ್ಚವೆಂದು ತಿಂಗಳು ತಿಂಗಳು ಕೊಡುವುದು ಅಂದಾಜಿನ ಮೊತ್ತವಷ್ಟೇ. ವರ್ಷಕ್ಕೊಮ್ಮೆ ಮಾಲೀಕರು ಲೆಕ್ಕ ಒಪ್ಪಿಸುತ್ತಾರೆ. ಹೆಚ್ಚು ಬಳಸಿದ್ದರೆ ಬಾಕಿ ತೆರಬೇಕು, ಕಡಿಮೆ ಬಳಸಿದ್ದರೆ ಹಣ ಮರಳುತ್ತದೆ. ಲೆಕ್ಕದ ಅವಧಿ ಮುಗಿದ 12 ತಿಂಗಳೊಳಗೆ ಮಾಲೀಕರು ಲೆಕ್ಕ ಕೊಡದಿದ್ದರೆ, ವಿಳಂಬಕ್ಕೆ ಅವರು ಹೊಣೆಯಲ್ಲದ ಸಂದರ್ಭಗಳ ಹೊರತು, ಬಾಕಿ ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಮೊದಲ ಚಳಿಗಾಲದಲ್ಲಿ ಹಗಲು ರಾತ್ರಿ ಹೀಟರ್ ಉರಿಸಿದ ಹೊಸಬರಿಗೆ ಮರುವರ್ಷ ಬರುವ ಬಿಲ್ಲು ದೊಡ್ಡ ಆಘಾತವೇ ಸರಿ.

ಕೊಠಡಿಗಳ ಎಣಿಕೆಯೂ ನಮ್ಮದರಂತಲ್ಲ. ಅಲ್ಲಿ ವಾಸದ ಕೋಣೆಯನ್ನೂ ಮಲಗುವ ಕೋಣೆಯನ್ನೂ ಸೇರಿಸಿ ಎಣಿಸುತ್ತಾರೆ. ಅಡುಗೆಮನೆ, ಸ್ನಾನದ ಮನೆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ನಮ್ಮಲ್ಲಿ ಒಂದು ಬೆಡ್‌ರೂಮಿನ ಮನೆ ಎನ್ನುವುದು ಅಲ್ಲಿ ‘ಎರಡು ಕೋಣೆಯ ಮನೆ’. ಒಂಟಿ ವ್ಯಕ್ತಿ ಹುಡುಕಬೇಕಾದದ್ದು ಒಂದು ಕೋಣೆಯ ಮನೆಯನ್ನು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಖಾಲಿ ಮನೆ ಎಂದರೆ ಅಲ್ಲಿ ನಿಜವಾಗಿಯೂ ಖಾಲಿ. ಒಲೆ, ಸಿಂಕು, ಕಪಾಟುಗಳಿಲ್ಲದ, ಛಾವಣಿಯಿಂದ ವಿದ್ಯುತ್ ತಂತಿ ಮಾತ್ರ ಇಳಿಬಿದ್ದಿರುವ ಮನೆಗಳು ಸಾಮಾನ್ಯ. ಹಳೆಯ ಬಾಡಿಗೆದಾರ ತನ್ನ ಅಡುಗೆಮನೆಯ ಸಾಮಾನನ್ನು ಹೊಸಬರಿಗೆ ಮಾರುವ ರೂಢಿಯೂ ಇದೆ. ಜಾಹೀರಾತಿನಲ್ಲಿ ಅಡುಗೆಮನೆಯ ಪ್ರಸ್ತಾಪ ಇದೆಯೇ ಎಂದು ನೋಡಿಕೊಳ್ಳದಿದ್ದರೆ, ಅಗ್ಗವೆಂದುಕೊಂಡ ಮನೆಯೇ ದುಬಾರಿಯಾಗುತ್ತದೆ.

ಊರಿನಿಂದ ಊರಿಗೆ ಅಜಗಜಾಂತರ

ಮ್ಯೂನಿಕ್ ದೇಶದ ಅತ್ಯಂತ ದುಬಾರಿ ನಗರ. ಅಲ್ಲಿನ 2023ರ ಅಧಿಕೃತ ಬಾಡಿಗೆ ಸೂಚಿಯ ಪ್ರಕಾರ ಚದರ ಮೀಟರಿಗೆ ಸರಾಸರಿ ತಣ್ಣನೆಯ ಬಾಡಿಗೆ 14.58 ಯೂರೊ. ಬರ್ಲಿನ್‌ನ 2024ರ ಸೂಚಿಯಲ್ಲಿ ಅದು 7.21 ಯೂರೊ. ಆದರೆ ಈ ಅಂಕಿಗಳನ್ನು ನೋಡಿ ಬರ್ಲಿನ್ ಅಗ್ಗವೆಂದು ತೀರ್ಮಾನಿಸುವಂತಿಲ್ಲ. ಸೂಚಿಯಲ್ಲಿ ವರ್ಷಗಳಿಂದ ನಡೆದುಬಂದಿರುವ ಕರಾರುಗಳೂ ಸೇರಿರುತ್ತವೆ. ಹೊಸದಾಗಿ ಬಾಡಿಗೆಗೆ ಬರುವ ಮನೆಯ ದರ ಅದಕ್ಕಿಂತ ಬಹಳ ಹೆಚ್ಚು.

ಹಂಚಿಕೆಯ ಮನೆಯ ಕೊಠಡಿಗಳ ಲೆಕ್ಕ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ. ಮೋಸೆಸ್ ಮೆಂಡೆಲ್ಸೋನ್ ಸಂಸ್ಥೆಯ ಸಮೀಕ್ಷೆಯಂತೆ, 2024-25ರ ಚಳಿಗಾಲದ ಸೆಮಿಸ್ಟರ್ ಆರಂಭದಲ್ಲಿ ಇಂಥ ಕೊಠಡಿಯ ಸರಾಸರಿ ಮಾಸಿಕ ವೆಚ್ಚ ದೇಶದಲ್ಲಿ 489 ಯೂರೊ, ಮ್ಯೂನಿಕ್‌ನಲ್ಲಿ 790 ಯೂರೊ. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದಂತೆ ವಿದ್ಯಾರ್ಥಿ ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕಾದ ಮೊತ್ತ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ. ಮ್ಯೂನಿಕ್‌ನಲ್ಲಿ ಬಾಡಿಗೆ ಕೊಟ್ಟ ಮೇಲೆ ಉಳಿಯುವುದು ಸುಮಾರು ಇನ್ನೂರು ಯೂರೊ. ಆರೋಗ್ಯ ವಿಮೆ, ಊಟ, ಪುಸ್ತಕ ಎಲ್ಲವೂ ಅದರಲ್ಲೇ ಆಗಬೇಕು. ಆಗುವುದಿಲ್ಲ ಎಂಬುದು ಸ್ಪಷ್ಟ. ಅಂದರೆ ವೀಸಾಕ್ಕೆ ಸಾಲುವ ಹಣ ಬದುಕಿಗೂ ಸಾಲುತ್ತದೆಂದು ಭಾವಿಸಿ ಮನೆಮಂದಿ ಸಾಲದ ಲೆಕ್ಕ ಹಾಕುವುದು ತಪ್ಪಾಗುತ್ತದೆ. ವಿಶ್ವವಿದ್ಯಾಲಯ ಆರಿಸುವಾಗಲೇ ಊರಿನ ಬಾಡಿಗೆಯನ್ನೂ ಗಮನಿಸಬೇಕು. ಲೈಪ್‌ಜಿಗ್, ಕೆಮ್ನಿಟ್ಸ್, ಮಾಗ್ಡೆಬುರ್ಗ್ ಮುಂತಾದ ಪೂರ್ವಭಾಗದ ನಗರಗಳಲ್ಲಿ ಖರ್ಚು ಗಣನೀಯವಾಗಿ ಕಡಿಮೆ.

ಉದ್ಯೋಗಸ್ಥರಿಗೆ ನಗರದ ಹೊರವಲಯ ಒಂದು ಪರಿಹಾರ. ಸ್ಥಳೀಯ ಮತ್ತು ಪ್ರಾದೇಶಿಕ ರೈಲು, ಬಸ್, ಟ್ರಾಮುಗಳಿಗೆ ದೇಶದಾದ್ಯಂತ ಒಂದೇ ಮಾಸಿಕ ಟಿಕೆಟ್ ನೀಡುವ ‘ಡಾಯ್ಚ್‌ಲಾಂಡ್ ಟಿಕೆಟ್’ 2023ರ ಮೇ ತಿಂಗಳಲ್ಲಿ 49 ಯೂರೊಗೆ ಆರಂಭವಾಯಿತು. 2025ರಲ್ಲಿ 58 ಯೂರೊಗೂ 2026ರ ಜನವರಿಯಲ್ಲಿ 63 ಯೂರೊಗೂ ಏರಿದೆ. ಏರಿಕೆಯ ನಂತರವೂ, ಮುಕ್ಕಾಲು ಗಂಟೆ ರೈಲಿನಲ್ಲಿ ಪ್ರಯಾಣಿಸಲು ಸಿದ್ಧರಿರುವವರಿಗೆ ಬಾಡಿಗೆಯಲ್ಲಿ ಉಳಿಯುವ ಹಣ ಟಿಕೆಟಿನ ಬೆಲೆಯನ್ನು ಮೀರುವುದುಂಟು.

ಒಂಟಿ ವ್ಯಕ್ತಿಗೆ ಇರುವ ದಾರಿಗಳು

ಬೆಂಗಳೂರಿನಲ್ಲಿ ‘ಬ್ಯಾಚುಲರ್’ ಎಂಬ ಒಂದೇ ಕಾರಣಕ್ಕೆ ಮನೆ ನಿರಾಕರಿಸುವ ಮಾಲೀಕರನ್ನು ಕಂಡವರಿಗೆ ಒಂದು ಸಮಾಧಾನವಿದೆ. ಜರ್ಮನಿಯಲ್ಲಿ ಒಂಟಿಯಾಗಿರುವುದು ದೋಷವಲ್ಲ. ಸ್ಥಿರ ಆದಾಯವುಳ್ಳ ಒಬ್ಬಂಟಿ ಬಾಡಿಗೆದಾರರನ್ನು ಮಾಲೀಕರು ಸಂತೋಷದಿಂದಲೇ ಒಪ್ಪುತ್ತಾರೆ. ಆದರೆ ಅಂಥ ಒಬ್ಬಂಟಿಗಳೇ ಅಲ್ಲಿ ಬಹಳ. ಸಣ್ಣ ಮನೆಗಳು ಕಡಿಮೆ.

ಮೊದಲನೆಯ ದಾರಿ ವಿದ್ಯಾರ್ಥಿ ನಿಲಯ. ‘ಶ್ಟುಡಿಯೆರೆಂಡನ್‌ವೆರ್ಕ್’ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಗಳು ಇವನ್ನು ನಡೆಸುತ್ತವೆ. ಬಾಡಿಗೆ ಮಾರುಕಟ್ಟೆಗಿಂತ ಕಡಿಮೆ, ನೋಂದಣಿಗೆ ತೊಡಕಿಲ್ಲ, ಪೀಠೋಪಕರಣಗಳೂ ಇರುತ್ತವೆ. ಕಾಯುವ ಪಟ್ಟಿ ಮಾತ್ರ ಉದ್ದ. ಪ್ರವೇಶಪತ್ರ ಬಂದ ದಿನವೇ, ಕೆಲವೆಡೆ ಅದಕ್ಕೂ ಮುಂಚೆಯೇ, ಅರ್ಜಿ ಹಾಕಬಹುದು. ವೀಸಾ ಬಂದ ಮೇಲೆ ನೋಡೋಣ ಎಂದವರಿಗೆ ಕೊಠಡಿ ಸಿಗುವುದು ಅಪರೂಪ.

ಎರಡನೆಯದು ಹಂಚಿಕೆಯ ಮನೆ. ‘ವೋನ್‌ಗೆಮೈನ್‌ಶಾಫ್ಟ್’ ಎಂಬ ಉದ್ದ ಹೆಸರನ್ನು ಎಲ್ಲರೂ ‘ವೇಗೇ’ ಎಂದು ಮೊಟಕಾಗಿಸಿ ಕರೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದು ಕೊಠಡಿ. ಅಡುಗೆಮನೆ, ಸ್ನಾನದ ಮನೆ ಎಲ್ಲರದು. ಇದು ನಮ್ಮ ಪಿ.ಜಿ.ಯಂತಲ್ಲ. ಊಟ ಹಾಕುವವರಿಲ್ಲ, ಗುಡಿಸುವವರಿಲ್ಲ. ಸರದಿಯಂತೆ ಎಲ್ಲರೂ ಕೆಲಸ ಮಾಡಬೇಕು. ಯಾರನ್ನು ಸೇರಿಸಿಕೊಳ್ಳಬೇಕೆಂದು ಸಾಮಾನ್ಯವಾಗಿ ಅಲ್ಲಿನ ನಿವಾಸಿಗಳೇ ಮಾತನಾಡಿಸಿ ನಿರ್ಧರಿಸುತ್ತಾರೆ. ‘ವೇಗೇ-ಗೆಸೂಖ್ಟ್’ ಇದಕ್ಕೆಂದೇ ಪ್ರಸಿದ್ಧವಾದ ಅಂತರ್ಜಾಲ ತಾಣ. ನೂರು ಜನರಿಗೆ ಒಂದೇ ಪತ್ರವನ್ನು ನಕಲು ಮಾಡಿ ಕಳುಹಿಸುವುದಕ್ಕಿಂತ, ಜಾಹೀರಾತನ್ನು ಓದಿ, ತಾನು ಯಾರು, ಏನು ಓದುತ್ತೇನೆ, ಅಡುಗೆ ಮಾಡುವ ಅಭ್ಯಾಸ ಹೇಗೆ ಎಂದು ನಾಲ್ಕು ಸಾಲು ಜರ್ಮನ್ ಭಾಷೆಯಲ್ಲಿ ಬರೆದವರಿಗೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಮೂರನೆಯದು ‘ಟ್ಸ್ವಿಶನ್‌ಮೀಟೆ’, ಅಂದರೆ ನಡುಗಾಲದ ಬಾಡಿಗೆ. ವಿದೇಶಕ್ಕೋ ತರಬೇತಿಗೋ ಹೋದವರು ಕೆಲವು ತಿಂಗಳ ಮಟ್ಟಿಗೆ ತಮ್ಮ ಕೊಠಡಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಇಳಿದ ಕೂಡಲೇ ನೋಂದಾಯಿಸಿಕೊಂಡು, ಸ್ಥಳದಲ್ಲೇ ಇದ್ದು ಶಾಶ್ವತ ಮನೆ ಹುಡುಕಲು ಇದು ಅನುಕೂಲ. ಆದರೆ ಒಳಬಾಡಿಗೆಗೆ ಮೂಲ ಮಾಲೀಕರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಲಿಖಿತವಾಗಿ ನೋಡುವುದು ಒಳ್ಳೆಯದು.

ನಾಲ್ಕನೆಯದು ಸ್ವಂತ ಒಂದು ಕೋಣೆಯ ಮನೆ. ಖಾಸಗಿ ತಾಣಗಳಲ್ಲದೆ ನಗರಗಳ ಒಡೆತನದ ವಸತಿ ಕಂಪನಿಗಳನ್ನೂ ವಿಚಾರಿಸಬೇಕು. ಬರ್ಲಿನ್‌ನಲ್ಲಿ ದೇಗೇವೋ, ಗೇವೋಬಾಗ್, ಹೋವೋಗೆ ಮುಂತಾದವು, ಮ್ಯೂನಿಕ್‌ನಲ್ಲಿ 2024ರಲ್ಲಿ ಎರಡು ಸಂಸ್ಥೆಗಳ ವಿಲೀನದಿಂದ ರೂಪುಗೊಂಡ ಮ್ಯೂಂಶ್ನರ್ ವೋನನ್ ಇಂಥವು. ಸದಸ್ಯತ್ವದ ಪಾಲು ಖರೀದಿಸಿ ಸೇರುವ ವಸತಿ ಸಹಕಾರ ಸಂಘಗಳೂ ಇವೆ. ಬಾಡಿಗೆ ಕಡಿಮೆ, ಕಾಯುವ ಕಾಲ ಹೆಚ್ಚು. ಹಲವು ವರ್ಷ ನೆಲೆಸುವ ಉದ್ದೇಶವಿರುವವರು ಹೋದ ವರ್ಷವೇ ಹೆಸರು ಬರೆಸಿಡುವುದು ಉತ್ತಮ.

ಶೂಫಾ ಎಂಬ ತಡೆಗೋಡೆ

ಮನೆ ಕೇಳಿದವರಿಗೆ ಮಾಲೀಕರು ಸಾಮಾನ್ಯವಾಗಿ ಕೇಳುವ ದಾಖಲೆಗಳು ಇವು: ಸ್ವವಿವರ ಪತ್ರ, ಉದ್ಯೋಗದ ಕರಾರು, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಹಿಂದಿನ ಮಾಲೀಕರಿಗೆ ಬಾಡಿಗೆ ಬಾಕಿಯಿಲ್ಲವೆಂಬ ಪತ್ರ ಮತ್ತು ‘ಶೂಫಾ’ ವರದಿ. 1927ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ಶೂಫಾ ಸಂಸ್ಥೆ ನಾಗರಿಕರ ಸಾಲ ಮತ್ತು ಪಾವತಿಯ ಚರಿತ್ರೆಯನ್ನು ದಾಖಲಿಸುತ್ತದೆ. ನಮ್ಮ ಸಿಬಿಲ್ ವರದಿಗೆ ಇದನ್ನು ಹೋಲಿಸಬಹುದು.

ಈಗಷ್ಟೇ ದೇಶಕ್ಕೆ ಕಾಲಿಟ್ಟವರಿಗೆ ಶೂಫಾ ಚರಿತ್ರೆ ಇರುವುದಿಲ್ಲ, ಹಿಂದಿನ ಜರ್ಮನ್ ಮಾಲೀಕರೂ ಇರುವುದಿಲ್ಲ. ಇದನ್ನು ಮುಚ್ಚಿಡದೆ ಪತ್ರದ ಮೊದಲಲ್ಲೇ ಹೇಳಿ, ಬದಲಿಗೆ ಕೊಡಬಹುದಾದುದನ್ನು ಜೋಡಿಸಿಡಬೇಕು. ಕಂಪನಿಯ ನೇಮಕಾತಿ ಪತ್ರ, ಸಂಬಳದ ದೃಢೀಕರಣ, ನಿರ್ಬಂಧಿತ ಖಾತೆಯ ಪತ್ರ, ವಿದ್ಯಾರ್ಥಿವೇತನದ ಆದೇಶ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಬೆಂಗಳೂರಿನ ಹಳೆಯ ಮಾಲೀಕರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡು ಹೋದರೂ ನಷ್ಟವಿಲ್ಲ. ಬೆಚ್ಚನೆಯ ಬಾಡಿಗೆ ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬುದು ಮಾಲೀಕರಲ್ಲಿ ಬಳಕೆಯಲ್ಲಿರುವ ಅಳತೆ. ತಿಂಗಳಿಗೆ 2,100 ಯೂರೊ ಕೈಗೆ ಬರುವವರು 700 ಯೂರೊ ಮೇಲಿನ ಮನೆಗೆ ಅರ್ಜಿ ಹಾಕಿ ಕಾಲಹರಣ ಮಾಡುವುದು ವ್ಯರ್ಥ.

ಮುಂಗಡ: ಹತ್ತು ತಿಂಗಳಲ್ಲ, ಮೂರು

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲ ನಡೆದುಬಂದಿತ್ತು. ಜರ್ಮನಿಯ ನಾಗರಿಕ ಸಂಹಿತೆಯ 551ನೇ ಕಲಂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಮುಂಗಡ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಮೂರು ಸಮಾನ ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಮೊದಲ ಕಂತು ಬಾಡಿಗೆ ಆರಂಭವಾದಾಗ ಸಲ್ಲಬೇಕು. ಮಾಲೀಕರು ಆ ಹಣವನ್ನು ತಮ್ಮ ಸ್ವಂತ ಆಸ್ತಿಯಿಂದ ಬೇರೆಯಾಗಿ ಇಡಬೇಕು, ಅದರ ಬಡ್ಡಿ ಬಾಡಿಗೆದಾರರಿಗೆ ಸೇರುತ್ತದೆ.

ಉದಾಹರಣೆಗೆ ತಣ್ಣನೆಯ ಬಾಡಿಗೆ 450 ಯೂರೊ, ಇತರ ವೆಚ್ಚ 120 ಯೂರೊ ಇರುವ ಕೊಠಡಿಯನ್ನು ತೆಗೆದುಕೊಳ್ಳೋಣ. ತಿಂಗಳ ಬೆಚ್ಚನೆಯ ಬಾಡಿಗೆ 570 ಯೂರೊ. ಮುಂಗಡದ ಗರಿಷ್ಠ ಮಿತಿ 1,350 ಯೂರೊ. ಕಂತಿನ ಹಕ್ಕು ಬಳಸಿದರೆ ಮೊದಲ ತಿಂಗಳು ಬೇಕಾಗುವುದು 570 ಮತ್ತು 450 ಸೇರಿ 1,020 ಯೂರೊ. ಬಳಸದಿದ್ದರೆ 1,920 ಯೂರೊ. ಊರಿನಿಂದ ತಂದ ಹಣ ಎಣಿಸಿ ಖರ್ಚು ಮಾಡುವವರಿಗೆ ಈ 900 ಯೂರೊ ಅಂತರ ಸಣ್ಣದಲ್ಲ.

ದಲ್ಲಾಳಿಯ ವಿಷಯದಲ್ಲೂ ಕಾನೂನು ಬಾಡಿಗೆದಾರರ ಪರವಾಗಿದೆ. 2015ರ ಜೂನ್ 1ರಿಂದ, ದಲ್ಲಾಳಿಯನ್ನು ನೇಮಿಸಿದವರೇ ದಲ್ಲಾಳಿ ಹಣ ಕೊಡಬೇಕು. ಮಾಲೀಕರು ನೇಮಿಸಿದ ದಲ್ಲಾಳಿ ಬಾಡಿಗೆದಾರರಿಂದ ಹಣ ಕೇಳುವಂತಿಲ್ಲ.

ಕರಾರಿನಲ್ಲಿ ನೋಡಬೇಕಾದುದು

ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ವಾಡಿಕೆ. ಜರ್ಮನಿಯಲ್ಲಿ ಅವಧಿಯಿಲ್ಲದ ಕರಾರೇ ಸಾಮಾನ್ಯ. ಬಾಡಿಗೆದಾರರು ಬಿಡಬೇಕೆಂದರೆ ಮೂರು ತಿಂಗಳ ಮುನ್ಸೂಚನೆ ಕೊಡಬೇಕು. ತಿಂಗಳ ಮೂರನೆಯ ಕೆಲಸದ ದಿನದೊಳಗೆ ತಲುಪಿಸಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಮುನ್ಸೂಚನೆ ಸಹಿ ಹಾಕಿದ ಕಾಗದದಲ್ಲಿಯೇ ಇರಬೇಕು, ಇ-ಮೇಲ್ ಸಲ್ಲುವುದಿಲ್ಲ. ಮಾಲೀಕರು ಬಿಡಿಸಬೇಕೆಂದರೆ ತಮ್ಮ ಸ್ವಂತ ವಾಸದ ಅಗತ್ಯದಂಥ ಕಾನೂನುಬದ್ಧ ಕಾರಣ ಬೇಕು. ಐದು ವರ್ಷ ವಾಸವಿದ್ದವರಿಗೆ ಆರು ತಿಂಗಳು, ಎಂಟು ವರ್ಷ ವಾಸವಿದ್ದವರಿಗೆ ಒಂಬತ್ತು ತಿಂಗಳ ಮುನ್ಸೂಚನೆ ಕೊಡಬೇಕು.

ಕೆಲವು ಕರಾರುಗಳಲ್ಲಿ ನಿರ್ದಿಷ್ಟ ಅವಧಿಗೆ ಮನೆ ಬಿಡುವಂತಿಲ್ಲವೆಂಬ ಷರತ್ತು ಇರುತ್ತದೆ. ಆರು ತಿಂಗಳ ಯೋಜನೆಗೆ ಹೋದವರು ಇದನ್ನು ಗಮನಿಸದೆ ಸಹಿ ಹಾಕಿದರೆ ತೊಂದರೆ ತಪ್ಪಿದ್ದಲ್ಲ. ಬಾಡಿಗೆ ವರ್ಷದಿಂದ ವರ್ಷಕ್ಕೆ ಇಷ್ಟಿಷ್ಟು ಏರುತ್ತದೆಂದು ಮೊದಲೇ ಬರೆದಿರುವ ಕರಾರುಗಳೂ, ಬೆಲೆ ಸೂಚ್ಯಂಕದೊಂದಿಗೆ ಬಾಡಿಗೆಯನ್ನು ಜೋಡಿಸುವ ಕರಾರುಗಳೂ ಇವೆ. ಇವೆರಡೂ ಇಲ್ಲದ ಕರಾರಿನಲ್ಲಿ, ಸ್ಥಳೀಯ ದರಕ್ಕೆ ಸರಿಹೊಂದಿಸಲು ಮೂರು ವರ್ಷದಲ್ಲಿ ಶೇ 20ಕ್ಕಿಂತ, ಮನೆಗಳ ಕೊರತೆಯಿರುವ ಪ್ರದೇಶವೆಂದು ಘೋಷಿತವಾದಲ್ಲಿ ಶೇ 15ಕ್ಕಿಂತ, ಹೆಚ್ಚು ಏರಿಸುವಂತಿಲ್ಲ.

ಹೊಸ ಬಾಡಿಗೆಗೂ ಲಗಾಮಿದೆ. 2015ರಲ್ಲಿ ಜಾರಿಗೆ ಬಂದ ‘ಬಾಡಿಗೆ ಬ್ರೇಕ್’ ಕಾನೂನಿನಂತೆ, ಘೋಷಿತ ಪ್ರದೇಶಗಳಲ್ಲಿ ಹೊಸ ಕರಾರಿನ ಬಾಡಿಗೆ ಸ್ಥಳೀಯ ಸಮಾನ ದರಕ್ಕಿಂತ ಶೇ 10ಕ್ಕೂ ಹೆಚ್ಚಿರುವಂತಿಲ್ಲ. 2025ರಲ್ಲಿ ಇದನ್ನು 2029ರ ಅಂತ್ಯದವರೆಗೆ ವಿಸ್ತರಿಸಲಾಯಿತು. 2014ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಬಳಕೆಗೆ ಬಂದ ಮನೆಗಳಿಗೆ ಇದು ಅನ್ವಯಿಸುವುದಿಲ್ಲ. ಬರ್ಲಿನ್ ಇದಕ್ಕೂ ಮುಂದೆ ಹೋಗಿ 2020ರಲ್ಲಿ ಬಾಡಿಗೆಗೆ ನೇರ ಮಿತಿ ಹೇರಿತ್ತಾದರೂ, 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಬಾಡಿಗೆ ಅತಿಯಾಯಿತೆಂದು ಅನಿಸಿದರೆ ಸ್ಥಳೀಯ ಬಾಡಿಗೆದಾರರ ಸಂಘದ ಸದಸ್ಯತ್ವ ಪಡೆದು ಕರಾರನ್ನು ತೋರಿಸಬಹುದು. ವಾರ್ಷಿಕ ಶುಲ್ಕಕ್ಕೆ ಕಾನೂನು ಸಲಹೆ ದೊರೆಯುತ್ತದೆ.

ಮೋಸದ ಬಲೆ

ದೂರದಲ್ಲಿರುವವರು, ಅವಸರದಲ್ಲಿರುವವರು, ಭಾಷೆ ಬಾರದವರು. ಈ ಮೂವರನ್ನೂ ಒಬ್ಬರಲ್ಲೇ ಕಂಡರೆ ವಂಚಕರಿಗೆ ಹಬ್ಬ. ಅವರ ಕಥೆ ಹೆಚ್ಚೂಕಡಿಮೆ ಒಂದೇ ತೆರನದು. ನಗರದ ಮಧ್ಯಭಾಗದಲ್ಲಿ ಸುಂದರವಾದ ಮನೆ, ಬಾಡಿಗೆ ನಂಬಲಾಗದಷ್ಟು ಕಡಿಮೆ. ಮಾಲೀಕರು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾರೆ, ಆದ್ದರಿಂದ ಮನೆ ತೋರಿಸಲಾಗದು. ಮುಂಗಡ ಮತ್ತು ಮೊದಲ ತಿಂಗಳ ಬಾಡಿಗೆ ಕಳುಹಿಸಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ. ನಂಬಿಕೆ ಬರಲೆಂದು ಪಾಸ್‌ಪೋರ್ಟಿನ ಪ್ರತಿಯನ್ನೂ ಕಳುಹಿಸುತ್ತಾರೆ. ಅದು ಹಿಂದೊಮ್ಮೆ ಮೋಸ ಹೋದ ಇನ್ನೊಬ್ಬರದಾಗಿರಬಹುದು. ಹಣ ಹೋದ ಮೇಲೆ ಉತ್ತರವಿಲ್ಲ.

ಇದಕ್ಕೆ ಮದ್ದು ಒಂದೇ. ಮನೆಯನ್ನು ಸ್ವತಃ ಅಥವಾ ನಂಬಿಕೆಯ ಪರಿಚಿತರ ಮೂಲಕ ನೋಡದೆ, ಕರಾರಿಗೆ ಸಹಿಯಾಗದೆ ಒಂದು ಯೂರೊ ಕೂಡ ಕಳುಹಿಸಬಾರದು. ಮನೆ ತೋರಿಸುವುದಕ್ಕೇ ಶುಲ್ಕ ಕೇಳುವವರನ್ನೂ ನಂಬಬಾರದು. ಪಾಸ್‌ಪೋರ್ಟ್ ಮತ್ತು ಸಂಬಳದ ಚೀಟಿಯ ಪ್ರತಿಗಳನ್ನು ಮೊದಲ ಪತ್ರದಲ್ಲೇ ಲಗತ್ತಿಸುವುದೂ ಅಪಾಯ. ಕೊಡಲೇಬೇಕಾದಾಗ ಯಾರಿಗೆ, ಯಾವ ಉದ್ದೇಶಕ್ಕೆ ಎಂದು ಪ್ರತಿಯ ಮೇಲೆ ಅಡ್ಡಲಾಗಿ ಬರೆದು ಕೊಡಬೇಕು. ಭಾರತದಲ್ಲಿದ್ದಾಗಲೇ ಸ್ಥಳ ಖಚಿತಪಡಿಸಿಕೊಳ್ಳಬೇಕೆಂದರೆ ವಿದ್ಯಾರ್ಥಿ ನಿಲಯ, ಕಂಪನಿಯ ಅತಿಥಿಗೃಹ ಅಥವಾ ಕೆಲವು ವಾರಗಳ ಹಾಸ್ಟೆಲ್ ಇವೇ ಸುರಕ್ಷಿತ.

ಹೆಸರು ನೋಡಿ ನಿರಾಕರಿಸಿದರೆ

ವಿದೇಶಿ ಹೆಸರು ಕಂಡೊಡನೆ ‘ಮನೆ ಹೋಗಿಬಿಟ್ಟಿದೆ’ ಎಂಬ ಉತ್ತರ ಬರುವುದುಂಟು. ಜನಾಂಗ ಅಥವಾ ಮೂಲದ ಕಾರಣಕ್ಕೆ ಭೇದ ಮಾಡುವುದನ್ನು 2006ರ ಸಮಾನ ವರ್ತನೆ ಕಾಯ್ದೆ ನಿಷೇಧಿಸುತ್ತದೆ. ಒಕ್ಕೂಟ ಸರ್ಕಾರದ ಭೇದಭಾವ ವಿರೋಧಿ ಕಚೇರಿ ಉಚಿತವಾಗಿ ಸಲಹೆ ನೀಡುತ್ತದೆ. ದೂರು ನೀಡಬೇಕೆಂದರೆ ಜಾಹೀರಾತಿನ ಪ್ರತಿ, ಪತ್ರಗಳು, ದಿನಾಂಕಗಳನ್ನು ಉಳಿಸಿಕೊಂಡಿರಬೇಕು. ಪರಿಹಾರ ಕೇಳಲು ಎರಡು ತಿಂಗಳ ಗಡುವು ಇರುವುದರಿಂದ ತಡಮಾಡುವಂತಿಲ್ಲ.

ಮನೆಯೊಳಗಿನ ಶಿಸ್ತು

ಬೀಗದ ಕೈ ಪಡೆಯುವ ದಿನ ಗೋಡೆಯ ಬಿರುಕು, ನೆಲದ ಗೀರು, ವಿದ್ಯುತ್ ಮೀಟರಿನ ಅಂಕಿ ಎಲ್ಲವನ್ನೂ ಹಸ್ತಾಂತರ ಪತ್ರದಲ್ಲಿ ಬರೆಸಿ, ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ವರ್ಷಗಳ ನಂತರ ಮುಂಗಡ ಮರಳಿ ಪಡೆಯುವಾಗ ಈ ಒಂದು ಹಾಳೆ ಕಾಯುತ್ತದೆ. ಸುಣ್ಣಬಣ್ಣವಿಲ್ಲದ ಸ್ಥಿತಿಯಲ್ಲಿ, ಸೂಕ್ತ ಪರಿಹಾರವನ್ನೂ ಪಡೆಯದೆ ಮನೆ ಪಡೆದವರು ಬಿಡುವಾಗ ಬಣ್ಣ ಹೊಡೆಸಬೇಕೆಂಬ ಷರತ್ತು ಸಿಂಧುವಲ್ಲವೆಂದು 2015ರಲ್ಲಿ ಅಲ್ಲಿನ ಒಕ್ಕೂಟ ನ್ಯಾಯಾಲಯ ತೀರ್ಪಿತ್ತಿದೆ. ಮನೆ ಪಡೆದಾಗ ಅದು ಹೇಗಿತ್ತೆಂಬುದಕ್ಕೂ ಅದೇ ಹಾಳೆ ಸಾಕ್ಷಿ.

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವಂತಿಲ್ಲ. ಬೆಳ್ಳಂಬೆಳಗ್ಗೆ ಚಟ್ನಿಗೆ ಮಿಕ್ಸರ್ ತಿರುಗಿಸಿದರೆ ಕೆಳಮನೆಯವರು ಬಾಗಿಲು ತಟ್ಟಬಹುದು. ಒಂದು ಕೋಣೆಯ ಮನೆಯಲ್ಲಿ ಒಗ್ಗರಣೆಯ ಹೊಗೆಗೆ ಛಾವಣಿಯ ಹೊಗೆ ಸೂಚಕ ಕಿರುಚುವುದೂ ಉಂಟು. ಚಳಿಯೆಂದು ಕಿಟಕಿ ಮುಚ್ಚಿಕೊಂಡೇ ಅಡುಗೆ, ಸ್ನಾನ, ಬಟ್ಟೆ ಒಣಗಿಸುವುದು ಎಲ್ಲವನ್ನೂ ಮಾಡಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ದಂಡ ಮುಂಗಡದಿಂದ ಹೋಗುತ್ತದೆ. ದಿನಕ್ಕೆ ಕೆಲವು ಬಾರಿ ಐದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದಿಡುವುದು ಅಲ್ಲಿನ ಪದ್ಧತಿ. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ ಅವರ ತವರಾದ ವ್ಯುರ್ಟೆಂಬೆರ್ಗ್ ಸೀಮೆಯಲ್ಲಂತೂ ಮೆಟ್ಟಿಲು ಗುಡಿಸುವ ‘ಕೇರ್‌ವೋಹೆ’ ಎಂಬ ವಾರದ ಸರದಿ ಇದೆ. ಬಾಗಿಲಿಗೆ ಫಲಕ ತೂಗಿದರೆ ಆ ವಾರದ ಪೊರಕೆ ನಿಮ್ಮದು ಎಂದರ್ಥ. ಸರದಿ ತಪ್ಪಿಸಿದವರನ್ನು ನೆರೆಹೊರೆಯವರು ಬೇಗ ಮರೆಯುವುದಿಲ್ಲ.

ಹೊರಡುವ ಮುನ್ನ

ಒಟ್ಟಿನಲ್ಲಿ, ನಾಲ್ಕರಿಂದ ಆರು ತಿಂಗಳ ಮುಂಚೆಯೇ ವಿದ್ಯಾರ್ಥಿ ನಿಲಯಗಳಿಗೆ ಅರ್ಜಿ ಹಾಕುವುದು, ಎರಡು ತಿಂಗಳ ಮುಂಚೆ ಹಂಚಿಕೆಯ ಕೊಠಡಿಗಳಿಗೆ ಪತ್ರ ಬರೆಯಲಾರಂಭಿಸುವುದು, ಹೋದ ಮೊದಲ ನಾಲ್ಕು ವಾರಕ್ಕೆ ನೋಂದಣಿ ಸಾಧ್ಯವಿರುವ ತಾತ್ಕಾಲಿಕ ನೆಲೆಯನ್ನು ಗೊತ್ತುಮಾಡಿಕೊಳ್ಳುವುದು, ಮೂರು ತಿಂಗಳ ಬಾಡಿಗೆಯಷ್ಟು ಹಣವನ್ನು ನಿರ್ಬಂಧಿತ ಖಾತೆಯ ಹೊರಗೆ ಬೇರೆಯಾಗಿ ಇಟ್ಟುಕೊಳ್ಳುವುದು ಕ್ಷೇಮ. ನಿರ್ಬಂಧಿತ ಖಾತೆಯಿಂದ ತಿಂಗಳ ಕಂತು ಮಾತ್ರ ಬರುವುದರಿಂದ ಮುಂಗಡಕ್ಕೆ ಅದು ಒದಗುವುದಿಲ್ಲ ಎಂಬುದನ್ನು ಅನೇಕರು ಅಲ್ಲಿಗೆ ಹೋದ ಮೇಲೆಯೇ ಅರಿಯುತ್ತಾರೆ.

ಜರ್ಮನಿಯ ಕಾನೂನು ಬಾಡಿಗೆದಾರರಿಗೆ ಕೊಡುವ ರಕ್ಷಣೆ ದೊಡ್ಡದು. ಆದರೆ ಅದು ಕರಾರಿಗೆ ಸಹಿ ಬಿದ್ದ ಕ್ಷಣದಿಂದ ಆರಂಭವಾಗುತ್ತದೆಯೇ ಹೊರತು ಅದಕ್ಕೂ ಮೊದಲಲ್ಲ. ವಿಮಾನ ಇಳಿದ ದಿನದಿಂದ ಆ ಸಹಿಯವರೆಗಿನ ದಿನಗಳಲ್ಲಿ ಹೊಸಬರನ್ನು ಕಾಯುವುದು ಅವರ ತಾಳ್ಮೆ ಮತ್ತು ತಿಳಿವಳಿಕೆ ಮಾತ್ರ.